ಕೆಡದ ಜೀನು, ಕಾಣೆಯಾದ ಪ್ರೋಟೀನು



ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಬನ್ನಿ ಎಂದು ಆಶಾ ಕಾರ್ಯಕರ್ತೆ ಕರೆದಾಗ ಹೆಂಗಸರಿಂದ ಬರುವ ಉತ್ತರ ಹೆಚ್ಚುಕಡಿಮೆ ಎಲ್ಲ ಊರಲ್ಲೂ ಒಂದೇ. "ನಮ್ಮ ತವರಲ್ಲೂ ಯಾರಿಗೂ ಬಂದಿಲ್ಲ, ಅತ್ತೆಮನೆಯಲ್ಲೂ ಬಂದಿಲ್ಲ, ನನಗ್ಯಾಕಕ್ಕಾ ಅದು?" ಅತ್ತೆಮನೆಯ ಜೀನು ಸೊಸೆಗೆ ಬರುವುದಿಲ್ಲ, ಅದಿರಲಿ. ಓದಿಕೊಂಡವರೂ ಇದೇ ಮಾತನ್ನು ಬೇರೆ ಧಾಟಿಯಲ್ಲಿ ಹೇಳುತ್ತಾರೆ: ಕ್ಯಾನ್ಸರ್ ಅಂದರೆ ಜೀನಿನ ಕಾಯಿಲೆ ತಾನೇ, ನಮ್ಮ ವಂಶದ ಜೀನು ಚೆನ್ನಾಗಿದೆ ಎಂದು. ಕ್ಯಾನ್ಸರ್ ಜೀನಿನ ಕಾಯಿಲೆ ಎನ್ನುವುದು ನಿಜವೇ. ಆದರೆ ಗರ್ಭಕಂಠದ ಕ್ಯಾನ್ಸರಿನಲ್ಲಿ ಬಹುಪಾಲು ಹೆಂಗಸರಲ್ಲಿ ಕ್ಯಾನ್ಸರ್ ತಡೆಯುವ ಎರಡು ಮುಖ್ಯ ಜೀನುಗಳು ಕೊನೆಯವರೆಗೂ ಚೆನ್ನಾಗಿಯೇ ಇರುತ್ತವೆ. ಚೆನ್ನಾಗಿದ್ದೂ ಕೆಲಸಕ್ಕೆ ಬರುವುದಿಲ್ಲ. ಅದು ಹೇಗೆ ಎಂಬುದನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಸುಮಾರು 20,000 ಜೀನುಗಳಿವೆ. ಹೆಚ್ಚಿನವಕ್ಕೆ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಇವುಗಳಲ್ಲಿ ಕೆಲವು ಜೀವಕೋಶವನ್ನು ಬೆಳೆ, ಒಡೆದು ಎರಡಾಗು ಎಂದು ಹುರಿದುಂಬಿಸುತ್ತವೆ. ಇನ್ನು ಕೆಲವು ಸಾಕು, ನಿಲ್ಲು ಎನ್ನುತ್ತವೆ. ಹೀಗೆ ನಿಲ್ಲಿಸುವ ಜೀನುಗಳಿಗೆ ಟ್ಯೂಮರ್ ಸಪ್ರೆಸರ್ ಜೀನುಗಳು, ಅಂದರೆ ಗಂತಿ ಬೆಳೆಯದಂತೆ ತಡೆಯುವ ಜೀನುಗಳು ಎಂದು ಹೆಸರು.

ಇಂಥ ಜೀನುಗಳಿವೆ ಎಂಬ ಸುಳಿವು ಸಿಕ್ಕಿದ್ದು ಮಕ್ಕಳ ಕಣ್ಣಿನ ಕ್ಯಾನ್ಸರಿನಿಂದ. ಅಮೆರಿಕದ ಟೆಕ್ಸಾಸ್‌ನಲ್ಲಿದ್ದ ಆಲ್‌ಫ್ರೆಡ್ ನಡ್ಸನ್ ಎಂಬ ವೈದ್ಯರು ರೆಟಿನೋಬ್ಲಾಸ್ಟೋಮಾ ಬಂದ 48 ಮಕ್ಕಳ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದರು. ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ಕಾಯಿಲೆ ಬೇಗ ಕಾಣಿಸಿಕೊಂಡಿತ್ತು, ಒಂದೇ ಕಣ್ಣಿಗೆ ಬಂದವರಲ್ಲಿ ತಡವಾಗಿ. ಮೊದಲ ಗುಂಪಿನ ಮಕ್ಕಳು ಒಂದು ಕೆಟ್ಟ ಪ್ರತಿಯನ್ನು ಹುಟ್ಟುವಾಗಲೇ ಪಡೆದಿರಬೇಕು, ಎರಡನೆಯದು ಕೆಟ್ಟರೆ ಸಾಕು ಕ್ಯಾನ್ಸರ್. ಉಳಿದವರಲ್ಲಿ ಎರಡೂ ಪ್ರತಿಗಳು ಹುಟ್ಟಿದ ಮೇಲೆ ಕೆಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ ಎಂದು 1971ರಲ್ಲಿ ಅವರು ಬರೆದರು. ಎರಡು ಪೆಟ್ಟಿನ ವಾದ ಎಂದು ಇದು ಹೆಸರಾಯಿತು. ಆ ಜೀನನ್ನು ಯಾರೂ ಕಂಡುಹಿಡಿದಿರದ ಕಾಲದಲ್ಲಿ, ಕಾಗದ ಪೆನ್ಸಿಲು ಹಿಡಿದು ಮಾಡಿದ ಊಹೆ ಅದು. 1986ರಲ್ಲಿ ಆ ಜೀನು 13ನೇ ವರ್ಣತಂತುವಿನಲ್ಲಿ ಸಿಕ್ಕಿತು, ಅದರ ಹೆಸರು ಆರ್‌ಬಿ.

ಆರ್‌ಬಿ ಜೀನು ತಯಾರಿಸುವ ಪ್ರೋಟೀನಿಗೂ ಆರ್‌ಬಿ ಎಂದೇ ಹೆಸರು. ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಆ ನಕಲು ಶುರುಮಾಡಿಸುವ ಪ್ರೋಟೀನುಗಳನ್ನು ಆರ್‌ಬಿ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಸರಿಯಾದ ಸೂಚನೆ ಬಂದಾಗಲಷ್ಟೇ ಬಿಡುತ್ತದೆ.

ಇನ್ನೊಂದು ಜೀನು ಪಿ53, ಇರುವುದು 17ನೇ ವರ್ಣತಂತುವಿನಲ್ಲಿ. ಇದರ ಚರಿತ್ರೆ ಸ್ವಲ್ಪ ತಮಾಷೆಯಾಗಿದೆ. 1979ರಲ್ಲಿ ಇಂಗ್ಲೆಂಡಿನ ಡೇವಿಡ್ ಲೇನ್, ಅಮೆರಿಕದ ಆರ್ನಾಲ್ಡ್ ಲೆವಿನ್, ಲಾಯ್ಡ್ ಓಲ್ಡ್ ಮುಂತಾದವರ ತಂಡಗಳು ಬೇರೆಬೇರೆಯಾಗಿ ಇದನ್ನು ಗುರುತಿಸಿದವು. ಕ್ಯಾನ್ಸರ್ ಜೀವಕೋಶಗಳಲ್ಲಿ ಇದು ಹೇರಳವಾಗಿ ಕಂಡದ್ದರಿಂದ ಇದೇ ಕ್ಯಾನ್ಸರ್ ತರುತ್ತದೆ ಎಂದು ಹತ್ತು ವರ್ಷ ಎಲ್ಲರೂ ನಂಬಿದ್ದರು. 1989ರಲ್ಲಿ ಬರ್ಟ್ ಫೋಗಲ್‌ಸ್ಟೈನ್ ತಂಡ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹುಡುಕಿ, ಕ್ಯಾನ್ಸರಿನಲ್ಲಿ ಹೇರಳವಾಗಿರುವುದು ಕೆಟ್ಟ ಪಿ53 ಎಂದೂ, ಒಳ್ಳೆಯ ಪಿ53 ಕ್ಯಾನ್ಸರನ್ನು ತಡೆಯುತ್ತದೆ ಎಂದೂ ತೋರಿಸಿತು. ಆರೋಪಿ ಎಂದುಕೊಂಡವನೇ ಕಾಪಾಡುವವನು ಎಂದಾಯಿತು.

ಪಿ53ರ ಕೆಲಸ ಇಷ್ಟು. ಡಿಎನ್‌ಎಗೆ ಹಾನಿಯಾದರೆ ಜೀವಕೋಶವನ್ನು ತಡೆದು ನಿಲ್ಲಿಸುತ್ತದೆ, ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಆಗದು ಎಂದಾದರೆ ಜೀವಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವಂತೆ ಮಾಡುತ್ತದೆ. ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನು ಕೆಟ್ಟಿರುತ್ತದೆ. ಶ್ವಾಸಕೋಶ, ಕರುಳು, ಅಂಡಾಶಯ, ಎಲ್ಲಿ ನೋಡಿದರೂ ಕೆಟ್ಟ ಪಿ53 ಸಿಗುತ್ತದೆ.

ಗರ್ಭಕಂಠದಲ್ಲಿ ಮಾತ್ರ ಲೆಕ್ಕ ತಪ್ಪುತ್ತಿತ್ತು. ಅಲ್ಲಿಯ ಕ್ಯಾನ್ಸರ್ ತುಣುಕುಗಳಲ್ಲಿ ಪಿ53 ಜೀನನ್ನು ಓದಿ ನೋಡಿದರೆ ಹೆಚ್ಚಿನವುಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆರ್‌ಬಿಯೂ ಇದ್ದ ಹಾಗೇ ಇದೆ. ನಡ್ಸನ್ ಹೇಳಿದ ಎರಡು ಪೆಟ್ಟಿನಲ್ಲಿ ಒಂದೂ ಬಿದ್ದಿಲ್ಲ. ಮತ್ತೆ ಕ್ಯಾನ್ಸರ್ ಬಂದದ್ದು ಹೇಗೆ?

ಉತ್ತರ ಒಂದು ವೈರಸ್ಸಿನಲ್ಲಿತ್ತು. ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ 1970ರ ದಶಕದಿಂದಲೇ ಗರ್ಭಕಂಠದ ಕ್ಯಾನ್ಸರಿಗೆ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ, ಅಂದರೆ ನರುಳ್ಳೆ ಬರಿಸುವ ವೈರಸ್ಸಿನ ಜಾತಿಯದೇ ಕಾರಣ ಎನ್ನುತ್ತಿದ್ದರು. ಆಗ ಎಲ್ಲರ ಅನುಮಾನ ಹರ್ಪಿಸ್ ವೈರಸ್ಸಿನ ಮೇಲೆ. ಇವರ ಮಾತಿಗೆ ಸಭೆಗಳಲ್ಲಿ ಬೆಲೆಯಿರಲಿಲ್ಲ. 1983ರಲ್ಲಿ ಅವರ ತಂಡ ಕ್ಯಾನ್ಸರ್ ತುಣುಕಿನಿಂದಲೇ ಎಚ್‌ಪಿವಿ 16 ಎಂಬ ಬಗೆಯನ್ನು, ಮರುವರ್ಷ ಎಚ್‌ಪಿವಿ 18ನ್ನು ಹೊರತೆಗೆಯಿತು. ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಈ ಎರಡರಿಂದಲೇ ಬರುತ್ತವೆ. 2008ರಲ್ಲಿ ಸುರ್ ಹೌಸೆನ್‌ಗೆ ನೊಬೆಲ್ ಬಹುಮಾನ ಬಂತು.

ಈ ವೈರಸ್ ಬಲು ಚಿಕ್ಕದು. ಅದರ ಡಿಎನ್‌ಎ ಒಂದು ಉಂಗುರ, ಅದರಲ್ಲಿರುವುದು ಸುಮಾರು 8,000 ಅಕ್ಷರಗಳು, ಎಂಟು ಜೀನುಗಳು. ಅವುಗಳಲ್ಲಿ ಎರಡರ ಹೆಸರು ಇ6, ಇ7. ನಮ್ಮ ಆರ್‌ಬಿ ಪ್ರೋಟೀನಿನಲ್ಲಿ 928 ಅಮೈನೋ ಆಮ್ಲಗಳಿದ್ದರೆ ವೈರಸ್ಸಿನ ಇ7ರಲ್ಲಿ ಇರುವುದು ನೂರಕ್ಕೂ ಕಡಿಮೆ. ಇಷ್ಟು ಸಣ್ಣದು ಹೋಗಿ ಆರ್‌ಬಿಯ ಸಂದಿಯೊಂದರಲ್ಲಿ ಕಚ್ಚಿಕೊಳ್ಳುತ್ತದೆ. ಆರ್‌ಬಿ ಹಿಡಿದಿಟ್ಟ ಪ್ರೋಟೀನುಗಳೆಲ್ಲ ಬಿಟ್ಟುಹೋಗುತ್ತವೆ, ಜೀವಕೋಶ ಯಾರ ಅಪ್ಪಣೆಯೂ ಇಲ್ಲದೆ ನಕಲಿಗೆ ತೊಡಗುತ್ತದೆ. 1989ರಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಇದು ಗೊತ್ತಾಯಿತು.

ಅಪ್ಪಣೆಯಿಲ್ಲದೆ ನಕಲು ನಡೆದರೆ ಪಿ53 ಸುಮ್ಮನಿರುವುದಿಲ್ಲ. ಆ ಜೀವಕೋಶವನ್ನು ಸಾಯಿಸಲು ಹೊರಡುತ್ತದೆ. ಅದಕ್ಕೇ ವೈರಸ್ ಇ6ನ್ನು ಇಟ್ಟುಕೊಂಡಿದೆ. ಇ6 ಮಾಡುವ ಕೆಲಸವನ್ನು ಮರುವರ್ಷ, 1990ರಲ್ಲಿ, ಪೀಟರ್ ಹೌಲಿ ಮತ್ತು ಸಂಗಡಿಗರು ಬಯಲಿಗೆಳೆದರು. ಬೇಡವಾದ ಪ್ರೋಟೀನುಗಳನ್ನು ಪುಡಿಮಾಡುವ ವ್ಯವಸ್ಥೆ ಪ್ರತಿ ಜೀವಕೋಶದಲ್ಲೂ ಇದೆ. ಯಾವುದನ್ನು ಪುಡಿಮಾಡಬೇಕೋ ಅದಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಬೀಳುತ್ತದೆ. ಅರಣ್ಯ ಇಲಾಖೆಯವರು ಕಡಿಯಬೇಕಾದ ಮರಕ್ಕೆ ಸುತ್ತಿಗೆಯಿಂದ ಮುದ್ರೆ ಒತ್ತುತ್ತಾರಲ್ಲ, ಹಾಗೆ. ಇ6ಗೆ ಸ್ವಂತ ಸುತ್ತಿಗೆಯಿಲ್ಲ. ನಮ್ಮದೇ ಜೀವಕೋಶದ ಒಂದು ಪ್ರೋಟೀನನ್ನು ಹಿಡಿದು ತಂದು ಅದರ ಕೈಯಿಂದಲೇ ಗಟ್ಟಿಮುಟ್ಟಾದ ಪಿ53ಕ್ಕೆ ಮುದ್ರೆ ಹಾಕಿಸುತ್ತದೆ. ಪಿ53 ಹುಟ್ಟುತ್ತದೆ, ಹುಟ್ಟಿದ ಕೂಡಲೇ ಪುಡಿಯಾಗುತ್ತದೆ. ಜೀನು ಮಾತ್ರ ಎಂದಿನಂತೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಇ6 ಹೀಗೆ ದುಡಿಸಿಕೊಳ್ಳುವ ಆ ಪ್ರೋಟೀನು ಮಿದುಳಿನಲ್ಲಿ ಇಲ್ಲದೆ ಹುಟ್ಟಿದ ಮಕ್ಕಳಿಗೆ ಏಂಜಲ್‌ಮನ್ ಸಿಂಡ್ರೋಮ್ ಎಂಬ ಬೇರೆಯದೇ ತೊಂದರೆ ಬರುತ್ತದೆ. ಒಂದೇ ಪ್ರೋಟೀನು ಒಂದು ಕಡೆ ಬೇಕೇಬೇಕು, ಇನ್ನೊಂದು ಕಡೆ ವೈರಸ್ಸಿನ ಕೈಗೊಂಬೆ.

ನರುಳ್ಳೆ ತರುವ ಎಚ್‌ಪಿವಿ 6, 11ರಲ್ಲೂ ಇ6, ಇ7 ಇವೆ. ಆದರೆ ಅವುಗಳ ಇ7ಗೆ ಆರ್‌ಬಿಯ ಮೇಲೆ ಹಿಡಿತ ಕಡಿಮೆ, ಇ6ಗೆ ಪಿ53ನ್ನು ಪುಡಿಮಾಡಿಸಲು ಬಾರದು. ಅದಕ್ಕೇ ಅವು ನರುಳ್ಳೆಗೆ ನಿಲ್ಲುತ್ತವೆ. ಇನ್ನೂರಕ್ಕೂ ಹೆಚ್ಚು ಬಗೆಯ ಎಚ್‌ಪಿವಿಗಳಲ್ಲಿ ಅಪಾಯದವು ಹನ್ನೆರಡು ಹದಿನಾಲ್ಕು ಮಾತ್ರ.

ವೈರಸ್ಸಿಗೆ ಇದರಿಂದ ಲಾಭವೇನು ಎಂದು ನೀವು ಕೇಳಬಹುದು. ಕ್ಯಾನ್ಸರಿನಿಂದ ಅದಕ್ಕೆ ಯಾವ ಲಾಭವೂ ಇಲ್ಲ. ಅದಕ್ಕೆ ಬೇಕಾಗಿರುವುದು ತನ್ನ ನಕಲುಗಳು, ನಕಲು ಮಾಡುವ ಸಲಕರಣೆ ಇರುವುದು ವಿಭಜನೆಯಾಗುತ್ತಿರುವ ಜೀವಕೋಶದಲ್ಲಿ. ಗರ್ಭಕಂಠದ ಮೇಲ್ಪದರದ ಜೀವಕೋಶಗಳು ವಿಭಜನೆ ನಿಲ್ಲಿಸಿ ಉದುರಲು ಕಾದಿರುವಂಥವು. ಅವನ್ನು ಮತ್ತೆ ಕೆಲಸಕ್ಕೆ ಹಚ್ಚುವುದಕ್ಕೆ ಇ7, ಅಷ್ಟರಲ್ಲಿ ಅವು ಸಾಯದಿರಲಿ ಎಂದು ಇ6. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ಮೈಯೇ ಎರಡು ವರ್ಷದೊಳಗೆ ತೊಡೆದುಹಾಕುತ್ತದೆ. ಉಳಿದುಕೊಂಡ ಕೆಲವರಲ್ಲಿ ಯಾವಾಗಲೋ ಒಮ್ಮೆ ವೈರಸ್ಸಿನ ಉಂಗುರ ತುಂಡಾಗಿ ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳುತ್ತದೆ. ತುಂಡಾಗುವ ಜಾಗ ಹೆಚ್ಚಾಗಿ ಇ2 ಎಂಬ ಜೀನಿನಲ್ಲಿ. ಇ6, ಇ7ಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದದ್ದು ಆ ಇ2. ಅದು ಹೋದ ಮೇಲೆ ಅವೆರಡಕ್ಕೂ ಲಂಗುಲಗಾಮಿಲ್ಲ. ಅಲ್ಲಿಗೆ ವೈರಸ್ ಹೊಸ ವೈರಸ್ಸುಗಳನ್ನು ಹುಟ್ಟಿಸುವ ದಾರಿಯನ್ನೂ ಕಳೆದುಕೊಂಡಿರುತ್ತದೆ. ಈ ಕ್ಯಾನ್ಸರ್ ವೈರಸ್ಸಿಗೂ ನಷ್ಟದ ಬಾಬತ್ತೇ.

ಜೀನು ಕೆಡದೆಯೇ ವೈರಸ್ ಈ ಕ್ಯಾನ್ಸರ್ ತರುತ್ತದೆ ಎನ್ನಲು ಪುರಾವೆ ಎಲ್ಲಿದೆ? ಒಬ್ಬ ಹೆಂಗಸಿನ ಜೀವಕೋಶಗಳಲ್ಲಿದೆ. 1951ರ ಆರಂಭದಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಣ್ಣುಮಗಳು ಬಂದಳು. ಐದು ಮಕ್ಕಳ ತಾಯಿ. ಗರ್ಭಕಂಠದಲ್ಲಿ ಗಂತಿಯಿತ್ತು. ಅದರ ತುಣುಕೊಂದನ್ನು ಅವಳನ್ನು ಕೇಳದೆಯೇ ತೆಗೆದು ಜಾರ್ಜ್ ಗೇ ಎಂಬುವರ ಪ್ರಯೋಗಾಲಯಕ್ಕೆ ಕೊಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ, 31ನೇ ವಯಸ್ಸಿಗೆ, ಅವಳು ತೀರಿಕೊಂಡಳು. ಜೀವಕೋಶಗಳು ಮಾತ್ರ ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಹೀಲಾ ಎಂಬ ಹೆಸರಿನಲ್ಲಿ ಬೆಳೆಯುತ್ತಿವೆ. ಪೋಲಿಯೋ ಲಸಿಕೆಯ ಪರೀಕ್ಷೆಗೂ ಅವೇ ಬೇಕಾದವು. ಅವಳ ಮನೆಯವರಿಗೆ ಇದು ತಿಳಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ. ವಿಜ್ಞಾನ ಆ ಕುಟುಂಬಕ್ಕೆ ಮಾಡಿದ್ದು ಅನ್ಯಾಯ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಆ ಹೀಲಾ ಜೀವಕೋಶಗಳಲ್ಲಿ ಇರುವುದು ಎಚ್‌ಪಿವಿ 18. ಅವುಗಳ ಪಿ53 ಜೀನು ಇವತ್ತಿಗೂ ಸರಿಯಾಗಿಯೇ ಇದೆ. 1991ರಲ್ಲಿ ಹಲವು ಗರ್ಭಕಂಠದ ಕ್ಯಾನ್ಸರ್ ತಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವೈರಸ್ ಇದ್ದ ತಳಿಗಳಲ್ಲಿ ಪಿ53, ಆರ್‌ಬಿ ಜೀನುಗಳು ಸರಿಯಾಗಿದ್ದವು. ವೈರಸ್ ಇಲ್ಲದ ಎರಡು ತಳಿಗಳಲ್ಲಿ ಅವೇ ಜೀನುಗಳು ಕೆಟ್ಟಿದ್ದವು. ಅಂದರೆ ಈ ಕ್ಯಾನ್ಸರ್ ಬರಬೇಕಾದರೆ ಆ ಎರಡು ಪ್ರೋಟೀನುಗಳು ಹೇಗಾದರೂ ತೊಲಗಬೇಕು. ವೈರಸ್ಸೇ ಅವನ್ನು ತೊಲಗಿಸಿದರೆ ಜೀನು ಕೆಡುವ ಅಗತ್ಯವಿಲ್ಲ. ವೈರಸ್ ಇಲ್ಲದಿದ್ದರೆ ಜೀನೇ ಕೆಡಬೇಕು. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಡೇನಿಯಲ್ ಡಿಮಾಯೊ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೀಲಾ ಜೀವಕೋಶಗಳಿಗೆ ಇ2 ಜೀನನ್ನು ಸೇರಿಸಿತು. ಇ6, ಇ7 ಅಡಗಿದವು. ಪಿ53, ಆರ್‌ಬಿ ಎರಡೂ ಎದ್ದು ಕುಳಿತವು. ಅರ್ಧ ಶತಮಾನ ಎಡೆಬಿಡದೆ ಬೆಳೆದ ಜೀವಕೋಶಗಳು ಬೆಳವಣಿಗೆ ನಿಲ್ಲಿಸಿ ಮುಪ್ಪಾದವು. ಇಡೀ ಕತೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಪ್ರಯೋಗ ಇದು.

ಪ್ರಯೋಗಾಲಯದ ಈ ಫಲವನ್ನು ಇನ್ನೂ ಮದ್ದಾಗಿ ಮಾಡಲಾಗಿಲ್ಲ. ಇ6, ಇ7ಗಳನ್ನೇ ಗುರಿಯಾಗಿಸುವ ಔಷಧಿಗಳು ಪರೀಕ್ಷೆಯಲ್ಲಿವೆ; ಆಸ್ಪತ್ರೆಯಲ್ಲಿ ಇವತ್ತು ಮುಖ್ಯವಾಗಿ ನಡೆಯುವುದು ಶಸ್ತ್ರಚಿಕಿತ್ಸೆ, ವಿಕಿರಣ, ಜೊತೆಗೆ ಸಿಸ್‌ಪ್ಲಾಟಿನ್‌ನಂಥ ಔಷಧಿ. ಆದರೆ ರೋಗ ಗುರುತಿಸುವ ಕೆಲಸಕ್ಕೆ ಈ ತಿಳಿವಳಿಕೆ ದಿನವೂ ಬರುತ್ತದೆ. ಪೆಥಾಲಜಿ ಲ್ಯಾಬಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಗರ್ಭಕಂಠದಿಂದ ತೆಗೆದ ಸಣ್ಣ ತುಣುಕನ್ನು ಮೇಣದ ಬ್ಲಾಕಿನಲ್ಲಿ ಕೂರಿಸಿ, ಮೈಕ್ರೋಟೋಮ್ ಎಂಬ ಯಂತ್ರದಿಂದ ಮಿಲಿಮೀಟರಿನ ಇನ್ನೂರೈವತ್ತನೇ ಒಂದು ಪಾಲಿನಷ್ಟು ತೆಳುವಾಗಿ ಹೆರೆಯುತ್ತಾರೆ. ಪಟ್ಟಿಯಾಗಿ ಬರುವ ಆ ಪೊರೆಯನ್ನು ಬಿಸಿನೀರಿನ ಮೇಲೆ ತೇಲಿಬಿಟ್ಟು ಗಾಜಿನ ಸ್ಲೈಡಿಗೆ ಎತ್ತಿಕೊಂಡು ಪಿ16 ಎಂಬ ಪ್ರೋಟೀನಿಗೆ ಬಣ್ಣ ಹಾಕುತ್ತಾರೆ. ಪಿ16 ಸಹ ಗಂತಿ ತಡೆಯುವ ಜೀನಿನದೇ ಪ್ರೋಟೀನು, ಆರ್‌ಬಿಯ ಹಿಡಿತ ಸಡಿಲವಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಆರೋಗ್ಯವಾದ ಪದರ ಸೂಕ್ಷ್ಮದರ್ಶಕದಲ್ಲಿ ನೀಲಿಯಾಗಿ ಕಾಣುತ್ತದೆ. ಇ7 ಆರ್‌ಬಿಯನ್ನು ಕಿತ್ತುಹಾಕಿದ ಕಡೆ ಜೀವಕೋಶ ಪಿ16ನ್ನು ರಾಶಿರಾಶಿ ತಯಾರಿಸುತ್ತದೆ. ಅಲ್ಲಿ ತಳದಿಂದ ಮೇಲಿನವರೆಗೆ ದಟ್ಟ ಕಂದುಬಣ್ಣದ ಪಟ್ಟಿ, ಪಕ್ಕದ ನೀಲಿಯಿಂದ ಗೆರೆ ಕೊರೆದಂತೆ ಬೇರೆ. ಕ್ಯಾನ್ಸರ್ ತಡೆಯುವ ಪ್ರೋಟೀನು ತುಂಬಿ ತುಳುಕುತ್ತಿರುವುದೇ ಇಲ್ಲಿ ಅಪಾಯದ ಚಿಹ್ನೆ. ಬಿಗಿಮಾಡು ಎಂದು ಪಿ16 ಹೇಳುತ್ತಲೇ ಇದೆ, ಬಿಗಿಮಾಡಬೇಕಾದ ಆರ್‌ಬಿಯೇ ಇಲ್ಲ.

ವಂಶದ ಮಾತಿಗೆ ಬರೋಣ. 1998ರಲ್ಲಿ ಒಂದು ಸುದ್ದಿ ಬಂದಿತ್ತು. ಪಿ53 ಪ್ರೋಟೀನಿನ 72ನೇ ಜಾಗದಲ್ಲಿ ಕೆಲವರಿಗೆ ಆರ್ಜಿನಿನ್, ಕೆಲವರಿಗೆ ಪ್ರೋಲಿನ್ ಇರುತ್ತದೆ. ಎರಡೂ ಸಹಜವೇ. ಆರ್ಜಿನಿನ್ ಇರುವ ಪಿ53 ಇ6ಗೆ ಸುಲಭವಾಗಿ ಸಿಕ್ಕಿಬೀಳುತ್ತದೆ, ಎರಡೂ ಪ್ರತಿಗಳಲ್ಲಿ ಅದೇ ಇದ್ದವರಿಗೆ ಅಪಾಯ ಏಳು ಪಟ್ಟು ಎಂದು ಹೆಸರಾಂತ ಪತ್ರಿಕೆಯೊಂದು ಪ್ರಕಟಿಸಿತು. ಲ್ಯಾಬುಗಳೆಲ್ಲ ಆ ಸಂಬಂಧವನ್ನು ಹುಡುಕಿದವು. 2009ರಲ್ಲಿ ಹತ್ತಾರು ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ಜರಡಿ ಹಿಡಿದಾಗ, ಸರಿಯಾದ ವಿಧಾನದಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಆ ಸಂಬಂಧವೇ ನಿಲ್ಲಲಿಲ್ಲ.

ವಂಶದಿಂದ ಬರುವುದು ಇಲ್ಲವೇ ಇಲ್ಲ ಎಂದೇನೂ ಅಲ್ಲ. ತುಟಿಯ ಮೇಲೆ ಕಪ್ಪು ಚುಕ್ಕೆ, ಕರುಳಿನಲ್ಲಿ ಪಾಲಿಪ್ ಇರುವ ಪಾಯ್ಟ್ಸ್-ಜೆಗರ್ಸ್ ಎಂಬ ಅಪರೂಪದ ತೊಂದರೆಯಲ್ಲಿ ಎಸ್‌ಟಿಕೆ11 ಎಂಬ ಗಂತಿ ತಡೆಯುವ ಜೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಅಂಥವರಿಗೆ ವೈರಸ್ಸಿನ ಹಂಗಿಲ್ಲದ ಒಂದು ಬಗೆಯ ಗರ್ಭಕಂಠದ ಕ್ಯಾನ್ಸರ್ ಬರಬಹುದು. ಆದರೆ ಅದು ವಿರಳ. ವಂಶವೇ ಕಾರಣವಲ್ಲ ಎನ್ನುವುದು ಬೆಂಗಳೂರಿನ ಅಂಕಿಗಳಲ್ಲೂ ಕಾಣುತ್ತದೆ. ಇಲ್ಲಿಯ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಗರದ ಕ್ಯಾನ್ಸರ್ ನೋಂದಣಿ ಮಾಡುತ್ತ ಬಂದಿದೆ. ಆಗ ಇಲ್ಲಿಯ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರೇ ಮೊದಲನೆಯದು. ಈಗ ಅದು ಇಳಿದಿದೆ, ಸ್ತನ ಕ್ಯಾನ್ಸರ್ ಮುಂದಕ್ಕೆ ಬಂದಿದೆ. ನಲವತ್ತು ವರ್ಷದಲ್ಲಿ ಬೆಂಗಳೂರಿನವರ ಜೀನು ಬದಲಾಗಲಿಲ್ಲ. ಮದುವೆಯ ವಯಸ್ಸು ಏರಿತು, ಹೆರಿಗೆಗಳು ಕಡಿಮೆಯಾದವು, ನೀರು ಶೌಚಾಲಯ ಮನೆಗೆ ಬಂದವು.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. 1842ರಷ್ಟು ಹಿಂದೆಯೇ ಇಟಲಿಯ ವೆರೋನಾದ ರಿಗೋನಿ-ಸ್ಟರ್ನ್ ಎಂಬ ವೈದ್ಯ ಮರಣದ ಪಟ್ಟಿಗಳನ್ನು ನೋಡಿ, ಈ ಕ್ಯಾನ್ಸರ್ ಸಂನ್ಯಾಸಿನಿಯರಲ್ಲಿ ಅಪರೂಪ, ಸಂಸಾರಸ್ಥರಲ್ಲಿ ಹೆಚ್ಚು ಎಂದು ಬರೆದರು. ಅಂದಿನಿಂದ ಈ ರೋಗಕ್ಕೆ ನಡತೆಯ ಕಳಂಕ ಅಂಟಿಕೊಂಡಿದೆ. ನಿಜಾಂಶವೆಂದರೆ ದಾಂಪತ್ಯ ನಡೆಸುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗಲುತ್ತದೆ. ಒಬ್ಬನೇ ಗಂಡನೊಂದಿಗೆ ಬಾಳಿದವಳಿಗೂ ಗಂಡನಿಂದಲೇ ಬರಬಹುದು. ಅತ್ತೆಮನೆಯ ಜೀನು ಸೊಸೆಗೆ ಬರುವುದಿಲ್ಲ ಎಂದೆನಲ್ಲ, ವೈರಸ್ ಬರುತ್ತದೆ. ಯಾರ ನಡತೆಯನ್ನೂ ಇದರಿಂದ ಅಳೆಯಲಾಗದು.

ಸೋಂಕಿನಿಂದ ಕ್ಯಾನ್ಸರಿನವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇರುವವರಲ್ಲಿ ಇದು ಬೇಗ, ಧೂಮಪಾನವೂ ಅಪಾಯ ಹೆಚ್ಚಿಸುತ್ತದೆ. ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರುಗಳು ಕಡಿಮೆ. ಆದರೂ ನಮ್ಮ ದೇಶದಲ್ಲಿ ವರ್ಷಕ್ಕೆ ಒಂದೂಕಾಲು ಲಕ್ಷದಷ್ಟು ಹೆಂಗಸರಿಗೆ ಇದು ಬರುತ್ತದೆ, 75 ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಹೆಚ್ಚಿನವರು ಆಸ್ಪತ್ರೆಗೆ ಬರುವುದು ರಕ್ತ ಹೋಗಲು ಶುರುವಾದ ಮೇಲೆ.

ಮುಂಬಯಿಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ಮೇಲೆ ಹನ್ನೆರಡು ವರ್ಷ ನಡೆಸಿದ ಅಧ್ಯಯನದಲ್ಲಿ, ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ತೆಳು ಮಾಡಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದು ನೋಡುವ ಪರೀಕ್ಷೆಯಿಂದಲೇ ಸಾವು ನೂರಕ್ಕೆ 31ರಷ್ಟು ಇಳಿಯಿತು. ಆರ್‌ಬಿ ಕಳೆದುಕೊಂಡು ಒಂದೇ ಸಮನೆ ವಿಭಜನೆಯಾಗುವ ಜೀವಕೋಶಗಳಲ್ಲಿ ಕೋಶಕೇಂದ್ರ ದಪ್ಪ, ಪ್ರೋಟೀನು ಹೆಚ್ಚು. ಆಮ್ಲ ತಾಗಿದ ಒಂದು ನಿಮಿಷದಲ್ಲಿ ಅಲ್ಲಿ ಬಿಳಿ ಮಚ್ಚೆ ಏಳುತ್ತದೆ. ನಮ್ಮ ನೆರೆಯ ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1.31 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ ಗುಂಪಿನಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಈ ಸೋಂಕನ್ನೇ ತಡೆಯಲು ಲಸಿಕೆ ಇದೆ. ಅದರಲ್ಲಿ ವೈರಸ್ಸಿನ ಹೊರಗವಚದ ಪ್ರೋಟೀನು ಮಾತ್ರ ಇದೆ, ಇ6 ಇ7 ಇಲ್ಲ, ಡಿಎನ್‌ಎಯೂ ಇಲ್ಲ. ಹಾಗಾಗಿ ಅದರಿಂದ ಸೋಂಕು ಬರುವ ಪ್ರಶ್ನೆಯೇ ಇಲ್ಲ. ಅದು ವೈರಸ್ ಜೀವಕೋಶ ಹೊಗದಂತೆ ತಡೆಯುತ್ತದೆ. ಹೊಕ್ಕ ಮೇಲೆ ಪಿ53ನ್ನು ಬಿಡಿಸಿ ತರಲಾರದು. ಅದಕ್ಕೇ 9ರಿಂದ 14 ವರ್ಷದ ಹುಡುಗಿಯರಿಗೆ ಕೊಡಿ ಎನ್ನುವುದು. ಸ್ವೀಡನ್ನಿನಲ್ಲಿ 17 ತುಂಬುವ ಮೊದಲು ಹಾಕಿಸಿಕೊಂಡವರಲ್ಲಿ ಈ ಕ್ಯಾನ್ಸರ್ ನೂರಕ್ಕೆ 88ರಷ್ಟು ಕಡಿಮೆಯಾದದ್ದು 2020ರಲ್ಲಿ ವರದಿಯಾಯಿತು. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ನಮ್ಮಲ್ಲೇ ತಯಾರಾಗುವ ಲಸಿಕೆ.

ಮಗಳಿಗೆ ಲಸಿಕೆ ಹಾಕಿಸಿದ ತಾಯಿ ತನ್ನ ಪರೀಕ್ಷೆಯನ್ನು ಮರೆಯಬಾರದು. 30 ದಾಟಿದ ಪ್ರತಿ ಹೆಣ್ಣುಮಗಳಿಗೂ ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಮಾಡಬೇಕೆಂಬುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಾಡುತ್ತಿಲ್ಲ ಎಂದಾದರೆ ಯಾಕೆ ಮಾಡುತ್ತಿಲ್ಲ ಎಂದು ವೈದ್ಯಾಧಿಕಾರಿಯನ್ನು ಕೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕೂಡಿದ ಮೇಲೆ ರಕ್ತ ಹೋದರೆ, ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಐದು ವರ್ಷದ ಲೆಕ್ಕ ನೋಡದೆ ಆ ವಾರವೇ ಹೋಗಿ. ತವರಲ್ಲಿ ಯಾರಿಗೂ ಇರಲಿಲ್ಲ ಎಂಬ ಕಾರಣಕ್ಕೆ ಮನೆಯಲ್ಲಿ ಕೂರಬೇಡಿ.